ಹೋಗುವ ದೂರ, ಬರುವ ದೂರ

ಮುಂಬೈ ಸಿಎಸ್‌ಎಂಟಿಯಿಂದ ಕಳವಾ ನಿಲ್ದಾಣಕ್ಕೆ 36 ಕಿಲೋಮೀಟರ್. ಈ ಅಂಕಿಯ ಬಗ್ಗೆ ಯಾರದೂ ತಕರಾರಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗಲೂ ಅಷ್ಟೇ, ರಾತ್ರಿ ಮನೆಗೆ ಮರಳುವಾಗಲೂ ಅಷ್ಟೇ. ಮಳೆಗಾಲದಲ್ಲಿ ಲೋಕಲ್ ತಡವಾದೀತೇ ಹೊರತು ದೂರ ಒಂದಿಂಚೂ ಹೆಚ್ಚದು. ಹಳಿ ನೆಲಕ್ಕೆ ಕಚ್ಚಿಕೊಂಡಿದೆ, ಹಾಗಾಗಿ ದೂರವೂ ನೆಲಕ್ಕೆ ಕಚ್ಚಿಕೊಂಡಿದೆ. ಎರಡು ಊರುಗಳ ನಡುವಿನ ಅಂತರವನ್ನು ಒಮ್ಮೆ ಅಳೆದು ಕಲ್ಲಿನ ಮೇಲೆ ಕೆತ್ತಿಟ್ಟರೆ ಮುಗಿಯಿತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಹಳಿ ಮತ್ತು ರಸ್ತೆಗಳ ಸಹವಾಸದಿಂದ. ಅದೇ ನಂಬಿಕೆಯನ್ನು ಹೊತ್ತುಕೊಂಡು ನಾವು ವಿಮಾನದ ಟಿಕೆಟ್ಟನ್ನೂ ನೋಡುತ್ತೇವೆ. ಥಾಣೆ, ಕಳವಾ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಮತ್ತು ತುಳು ಮನೆಗಳಿಗೆ ಗಲ್ಫ್ ದೂರದ ಮಾತಲ್ಲ; ಅಲ್ಲಿ ದುಡಿಯುವ ಮಗನೋ ಅಳಿಯನೋ ಇರುವುದು ಸಾಮಾನ್ಯ. ದುಬೈ ಎಷ್ಟು ದೂರ ಎಂದು ಕೇಳಿದರೆ ಮೊಬೈಲು ಕ್ಷಣದಲ್ಲಿ ಹೇಳುತ್ತದೆ: ಸುಮಾರು 1,930 ಕಿಲೋಮೀಟರ್, ಮೂರು ಗಂಟೆ ಚಿಲ್ಲರೆ. ಈ ಉತ್ತರ ಸುಳ್ಳಲ್ಲ, ಆದರೆ ಅರೆಬರೆ. ಹಾರುವ ಯಂತ್ರದ ಮಟ್ಟಿಗೆ ದೂರ ಎಂಬುದು ಎರಡು ಊರುಗಳ ನಡುವೆ ಸ್ಥಿರವಾಗಿ ಕುಳಿತಿರುವ ವಸ್ತುವಲ್ಲ. ಅದನ್ನು ಭೂಮಿಯ ಆಕಾರ ಒಂದಿಷ್ಟು ನಿರ್ಧರಿಸುತ್ತದೆ, ಗಾಳಿ ಒಂದಿಷ್ಟು, ಕೆಳಗಿರುವ ಸರ್ಕಾರಗಳು ಇನ್ನೊಂದಿಷ್ಟು. ಮೊಬೈಲಿನ ಅಂಕಿಗೆ ಗೊತ್ತಿರುವುದು ಮೊದಲನೆಯದು ಮಾತ್ರ.

ಆ ಅಂಕಿ ಹುಟ್ಟುವ ಬಗೆ ಸರಳ. ಮುಂಬೈ ವಿಮಾನ ನಿಲ್ದಾಣ ಇರುವುದು 19.1 ಡಿಗ್ರಿ ಉತ್ತರ ಅಕ್ಷಾಂಶ, 72.9 ಡಿಗ್ರಿ ಪೂರ್ವ ರೇಖಾಂಶದಲ್ಲಿ, ದುಬೈಯದು 25.3 ಮತ್ತು 55.4ರಲ್ಲಿ. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿಯೆಂದರೆ ಮಹಾವೃತ್ತದ ಒಂದು ತುಂಡು. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತಕ್ಕೆ ಮಹಾವೃತ್ತ ಎಂದು ಹೆಸರು. ಭೂಕೇಂದ್ರದಿಂದ ನೋಡಿದರೆ ಮುಂಬೈಗೂ ದುಬೈಗೂ ನಡುವೆ ಸುಮಾರು 17.3 ಡಿಗ್ರಿ ಕೋನ. ಒಂದು ಡಿಗ್ರಿಗೆ 111.2 ಕಿಲೋಮೀಟರಿನಂತೆ ಗುಣಿಸಿದರೆ 1,930ರ ಹತ್ತಿರಕ್ಕೆ ಬರುತ್ತೇವೆ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆ ಎಂಬುದನ್ನು ಈ ಲೆಕ್ಕ ಮರೆಯುತ್ತದೆ. ಆದರೆ ಅದರಿಂದ ಆಗುವ ತಪ್ಪು ನೂರಕ್ಕೆ ಅರ್ಧ ಪಾಲನ್ನೂ ಮುಟ್ಟುವುದು ಅಪರೂಪ. ರೇಖಾಗಣಿತದ ಮಟ್ಟಿಗೆ ಈ ಅಂಕಿಯನ್ನು ಕಣ್ಣುಮುಚ್ಚಿ ನಂಬಬಹುದು. ಇದಕ್ಕಿಂತ ಹತ್ತಿರದ ದಾರಿಯನ್ನು ಯಾವ ಪೈಲಟ್ಟೂ ಹುಡುಕಲಾರ.

ತೊಡಕು ಶುರುವಾಗುವುದು ಭಾಗಾಕಾರದಲ್ಲಿ. ಇಂದಿನ ಜೆಟ್ ವಿಮಾನ ತಾನಿರುವ ಎತ್ತರದ ಗಾಳಿಯಲ್ಲಿ ಗಂಟೆಗೆ 850 ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. 1,930ನ್ನು 850ರಿಂದ ಭಾಗಿಸಿದರೆ ಬರುವುದು ಎರಡು ಗಂಟೆ ಹದಿನಾರು ನಿಮಿಷ. ಸಮಯಪಟ್ಟಿಯಲ್ಲಿ ಇರುವುದು ಮಾತ್ರ ಮುಂಬೈಯಿಂದ ದುಬೈಗೆ ಸುಮಾರು ಮೂರೂಕಾಲು ಗಂಟೆ, ದುಬೈಯಿಂದ ಮುಂಬೈಗೆ ಮೂರು ಗಂಟೆಯ ಆಸುಪಾಸು. ಹೆಚ್ಚುವರಿಯ ಒಂದು ಭಾಗಕ್ಕೆ ಕಾರಣ ನೆಲದಲ್ಲೇ ಇದೆ. ವಿಮಾನ ಗೇಟಿನಿಂದ ಹಿಂದೆ ಸರಿದ ಗಳಿಗೆಯಿಂದ ಇನ್ನೊಂದು ಊರಿನ ಗೇಟಿಗೆ ತಗಲುವ ಗಳಿಗೆಯವರೆಗೆ ಸಮಯಪಟ್ಟಿ ಲೆಕ್ಕ ಹಿಡಿಯುತ್ತದೆ. ಅದರಲ್ಲಿ ರನ್‌ವೇಗೆ ತೆವಳುವುದು, ಸರದಿಗೆ ಕಾಯುವುದು, ಏರುವುದು, ಇಳಿಯುವುದು ಎಲ್ಲ ಸೇರಿದೆ. ಮುಂಬೈಯ ಹಳೆಯ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದರಿಂದ ಅಲ್ಲಿ ಎರಡಿದ್ದೂ ಒಂದೇ ಇದ್ದಂತೆ. ದಟ್ಟಣೆಯ ಹೊತ್ತಿನಲ್ಲಿ ವಿಮಾನಗಳು ಆಕಾಶದಲ್ಲೇ ಸುತ್ತು ಹಾಕುತ್ತ ಕಾಯುತ್ತವೆ. ಇದೆಲ್ಲ ಒಪ್ಪಬಹುದಾದದ್ದೇ. ಆದರೆ ಹೋಗುವಾಗ ಹೆಚ್ಚು, ಬರುವಾಗ ಕಡಿಮೆ ಏಕೆ? ದಾರಿ ಅದೇ, ಯಂತ್ರ ಅದೇ.

ಈ ವ್ಯತ್ಯಾಸ ಸಾಮಾನ್ಯ ಪ್ರಯಾಣಿಕನ ಕಣ್ಣಿಗೆ ಬೀಳದಿರಲು ಒಂದು ತಮಾಷೆಯ ಕಾರಣವಿದೆ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮುಂಬೈಯಲ್ಲಿ ಹತ್ತಕ್ಕೆ ಹೊರಟು ಮೂರೂಕಾಲು ಗಂಟೆ ಹಾರಿದವನು ಅಲ್ಲಿಯ ಹನ್ನೊಂದೂ ಮುಕ್ಕಾಲಿಗೆ ಇಳಿಯುತ್ತಾನೆ. ಟಿಕೆಟ್ ನೋಡಿದರೆ ಒಂದೂ ಮುಕ್ಕಾಲು ಗಂಟೆಯ ಪ್ರಯಾಣ. ದುಬೈಯಲ್ಲಿ ಹತ್ತಕ್ಕೆ ಹೊರಟು ಮೂರು ಗಂಟೆ ಹಾರಿದವನು ಮುಂಬೈ ತಲುಪುವಾಗ ಇಲ್ಲಿ ಎರಡೂವರೆ; ಕಾಗದದ ಮೇಲೆ ನಾಲ್ಕೂವರೆ ಗಂಟೆ. ಬೇಗ ಮುಗಿಯುವ ದಿಕ್ಕು ನಿಧಾನವಾಗಿ ಕಾಣುತ್ತದೆ, ನಿಧಾನದ ದಿಕ್ಕು ಬೇಗನೆ. ಗಡಿಯಾರ ಸತ್ಯವನ್ನು ತಲೆಕೆಳಗು ಮಾಡಿ ತೋರಿಸುತ್ತದೆ. ಆ ಒಂದೂವರೆ ಗಂಟೆಯೂ ಸೂರ್ಯನ ಲೆಕ್ಕವಲ್ಲ ಎನ್ನಿ. ಎರಡು ನಗರಗಳ ರೇಖಾಂಶದ ಅಂತರ ಹದಿನೇಳೂವರೆ ಡಿಗ್ರಿ, ಎಂದರೆ ಸೂರ್ಯನ ಪ್ರಕಾರ ಎಪ್ಪತ್ತು ನಿಮಿಷ. ಉಳಿದ ಇಪ್ಪತ್ತು ನಿಮಿಷ ಎರಡು ದೇಶಗಳು ತಂತಮ್ಮ ಅನುಕೂಲಕ್ಕೆ ಆರಿಸಿಕೊಂಡ ಅಧಿಕೃತ ಸಮಯದ ಕೊಡುಗೆ. 1955ರವರೆಗೂ ಬೊಂಬಾಯಿ ತನ್ನದೇ ಸ್ಥಳೀಯ ಸಮಯವನ್ನು ಉಳಿಸಿಕೊಂಡಿತ್ತು. ಅದು ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದಿತ್ತು.

ದಿಕ್ಕಿನ ವ್ಯತ್ಯಾಸಕ್ಕೆ ಕಾರಣ ಗಾಳಿ. ಥಾಣೆಯ ಖಾಡಿಯಲ್ಲಿ ದೋಣಿ ಹಾಕುವ ಕೋಲಿ ಸಮುದಾಯದ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಬ್ಬರದ ನೀರು ಒಳನುಗ್ಗುವಾಗ ಕಳವಾ ಸೇತುವೆಯ ಕಡೆಗೆ ಹುಟ್ಟುಹಾಕುವವನ ತೋಳಿಗೆ ದೂರ ಕುಗ್ಗಿರುತ್ತದೆ, ಅದೇ ನೀರಿಗೆ ಎದುರಾಗಿ ಹೊರಟರೆ ಹಿಗ್ಗಿರುತ್ತದೆ. ದಂಡೆಯ ಮೇಲೆ ನಿಂತವನ ಅಳತೆಪಟ್ಟಿ ಮಾತ್ರ ಎರಡು ಸಲವೂ ಒಂದನ್ನೇ ಹೇಳುತ್ತದೆ. ವಿಮಾನ ತೇಲುವುದು ಗಾಳಿಯಲ್ಲಿ. ಅದರ 850 ಎಂಬ ವೇಗ ಸುತ್ತಲಿನ ಗಾಳಿಗೆ ಸಂಬಂಧಿಸಿದ್ದು, ನೆಲಕ್ಕಲ್ಲ. ಚಳಿಗಾಲದಲ್ಲಿ ಅರೇಬಿಯಾದಿಂದ ಉತ್ತರ ಭಾರತದವರೆಗೆ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಉಪೋಷ್ಣವಲಯದ ಜೆಟ್ ಪ್ರವಾಹ ಹರಿಯುತ್ತದೆ. ಅದರ ನಡುಭಾಗದಲ್ಲಿ ಗಾಳಿ ಗಂಟೆಗೆ 150 ಕಿಲೋಮೀಟರನ್ನು ಸಲೀಸಾಗಿ ದಾಟುತ್ತದೆ. ಮುಂಬೈ–ದುಬೈ ದಾರಿ ಈ ಹೊಳೆಯ ದಕ್ಷಿಣದ ಅಂಚಿನಲ್ಲಿ ಹಾಯುತ್ತದೆ. ಗಂಟೆಗೆ ನೂರು ಕಿಲೋಮೀಟರಿನ ಗಾಳಿ ಎಂದಿಟ್ಟುಕೊಂಡು, ಸಮತಟ್ಟಾಗಿ ಹಾರುವ ದೂರ 1,800 ಎಂದು ಹಿಡಿದರೆ, ಹೋಗುವಾಗ ನೆಲದ ಲೆಕ್ಕದ ವೇಗ 750, ತಗಲುವ ಹೊತ್ತು 2 ಗಂಟೆ 24 ನಿಮಿಷ. ಬರುವಾಗ 950, ಹೊತ್ತು 1 ಗಂಟೆ 54 ನಿಮಿಷ. ಇದನ್ನೇ ಗಾಳಿಯೊಳಗಿನ ದೂರವಾಗಿ ಬರೆದರೆ ಚಿತ್ರ ಇನ್ನೂ ಸ್ಪಷ್ಟ: ಹೋಗುವಾಗ ವಿಮಾನ 2,040 ಕಿಲೋಮೀಟರ್ ಗಾಳಿಯನ್ನು ಸೀಳಿತು, ಬರುವಾಗ ಸುಮಾರು 1,610. ಇಂಧನ ಉರಿಯುವುದು ಈ ಲೆಕ್ಕಕ್ಕೆ, ನೆಲದ ಲೆಕ್ಕಕ್ಕಲ್ಲ. ಪೈಲಟ್ ವೇಗ ಹೆಚ್ಚಿಸಿ ನಷ್ಟ ತುಂಬಿಕೊಳ್ಳಬಹುದಲ್ಲ ಎಂದರೆ, ಆ ಅವಕಾಶ ಬಹಳ ಕಡಿಮೆ. ಈ ವಿಮಾನಗಳು ಶಬ್ದದ ವೇಗದ ನೂರಕ್ಕೆ 78ರಿಂದ 85ರಷ್ಟರಲ್ಲಿ ಹಾರುತ್ತವೆ. ಅದಕ್ಕಿಂತ ಮೇಲೆ ಹೋದಂತೆ ಗಾಳಿಯ ತಡೆ ಕಡಿದಾಗಿ ಏರುತ್ತದೆ, ಇಂಧನದ ಖರ್ಚೂ ಜೊತೆಗೆ.

ನಮ್ಮ ಕರಾವಳಿಯ ವಿಶೇಷವೆಂದರೆ ಈ ಕಥೆ ಮಳೆಗಾಲದಲ್ಲಿ ಮಗ್ಗುಲು ಬದಲಿಸುತ್ತದೆ. ಜೂನ್ ಹೊತ್ತಿಗೆ ಪಶ್ಚಿಮದ ಜೆಟ್ ಪ್ರವಾಹ ಹಿಮಾಲಯದಾಚೆಗೆ ಸರಿದುಹೋಗುತ್ತದೆ. ಅದರ ಜಾಗದಲ್ಲಿ ದಕ್ಷಿಣ ಭಾರತದ ನೆತ್ತಿಯ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಓಡುವ ಇನ್ನೊಂದು ಪ್ರವಾಹ ಕಟ್ಟಿಕೊಳ್ಳುತ್ತದೆ. ಉಷ್ಣವಲಯದ ಈ ಪೂರ್ವ ಜೆಟ್ ಪ್ರವಾಹವನ್ನು 1958ರಲ್ಲಿ ವಿವರಿಸಿ ಜಗತ್ತಿನ ಗಮನಕ್ಕೆ ತಂದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದರ ಬಿರುಸು ಹೆಚ್ಚಿರುವುದು 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ, ವಿಮಾನಗಳ ದಾರಿಗಿಂತ ಮೇಲೆ. ಆದರೂ ಅದರ ಕೆಳಗಿನ ಮತ್ತು ಉತ್ತರದ ಸೆರಗು ಮುಂಬೈಯ ಆಕಾಶವನ್ನು ಸವರುತ್ತದೆ. ಹೀಗಾಗಿ ಜುಲೈಯಲ್ಲಿ ದುಬೈಗೆ ಹೊರಟವನಿಗೆ ಚಳಿಗಾಲದ ಎದುರುಗಾಳಿ ಇಲ್ಲ, ದಾರಿಯ ಮೊದಲ ಭಾಗದಲ್ಲಿ ಬೆನ್ನಿಗೆ ಗಾಳಿಯೇ ಸಿಗುತ್ತದೆ. ಹೋಗುವ ಬರುವ ಹೊತ್ತುಗಳ ನಡುವಿನ ಕಂದಕ ಕಿರಿದಾಗುತ್ತದೆ. ಅದೇ ತಿಂಗಳಲ್ಲಿ ಸಮುದ್ರಕ್ಕೆ ಹತ್ತಿರದ ಗಾಳಿ ಇದಕ್ಕೆ ತದ್ವಿರುದ್ಧವಾಗಿ ನೈಋತ್ಯದಿಂದ ಭೋರೆಂದು ಬೀಸುತ್ತಿರುತ್ತದೆ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್, ಈಜಿಪ್ಟಿನಿಂದ ಭಾರತಕ್ಕೆ ಹೊರಡುವವರು ಜುಲೈ ಸುಮಾರಿಗೆ ಹೊರಡಬೇಕೆಂದು ಹೇಳುತ್ತದೆ, ಕಲ್ಯಾಣವನ್ನೂ ಕಲ್ಲಿಯೇನಾ ಎಂಬ ಹೆಸರಿನಲ್ಲಿ ಬಂದರುಗಳ ಸಾಲಿಗೆ ಸೇರಿಸುತ್ತದೆ. ಇಂದು ಲೋಕಲ್ ರೈಲುಗಳ ಜಂಕ್ಷನ್ನಾಗಿರುವ ಊರಿಗೆ ಅಂದು ಅರಬ್ಬೀ ಸಮುದ್ರದ ಆಚೆಯ ದೂರವನ್ನು ಅಳೆಯುವ ಮಾನ ಋತುವಾಗಿತ್ತು. ಸಮುದ್ರಮಟ್ಟದ ಗಾಳಿ ಹಡಗನ್ನು ಪೂರ್ವಕ್ಕೆ ತರುವ ತಿಂಗಳಲ್ಲೇ ಮೇಲಿನ ಗಾಳಿ ವಿಮಾನವನ್ನು ಪಶ್ಚಿಮಕ್ಕೆ ನೂಕುತ್ತದೆ ಎಂಬುದನ್ನು ಆ ನಾವಿಕರು ಊಹಿಸುವಂತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ, ವಿಮಾನ ಮೇಲಿರುವಾಗ ಕೆಳಗಿನ ನೆಲವೇ ಜರುಗುವುದರಿಂದ ಈ ವ್ಯತ್ಯಾಸ ಅಲ್ಲವೇ ಎಂದು. ಓದಿದವರ ಬಾಯಲ್ಲೂ ಕೇಳಿಬರುವ ಈ ವಾದಕ್ಕೆ ಎರಡು ಪೆಟ್ಟು ಸಾಕು. ಮೊದಲನೆಯದಾಗಿ, ನೆಲ ಪೂರ್ವಕ್ಕೆ ಜರುಗುವುದೇ ಕಾರಣವಾಗಿದ್ದರೆ ಪಶ್ಚಿಮದ ದುಬೈ ತಾನಾಗಿ ನಮ್ಮೆಡೆಗೆ ಬರಬೇಕಿತ್ತು, ಹೋಗುವ ಪ್ರಯಾಣವೇ ಚಿಕ್ಕದಾಗಬೇಕಿತ್ತು. ಆಗುವುದು ಅದರ ವಿರುದ್ಧ. ಎರಡನೆಯದಾಗಿ, ಮುಂಬೈಯ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,580 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಗಾಳಿ ಅದರ ಜೊತೆಗೇ ಓಡದೆ ನಿಂತಲ್ಲೇ ನಿಂತಿದ್ದರೆ ಕಳವಾದ ಒಂದು ಮರವೂ ಮನೆಯೂ ಉಳಿಯುತ್ತಿರಲಿಲ್ಲ. ವಾತಾವರಣ ಭೂಮಿಯೊಡನೆ ಸುತ್ತುತ್ತದೆ, ವಿಮಾನ ಆ ವಾತಾವರಣದೊಳಗೆ ಇದೆ. ಭೂಮಿಯ ತಿರುಗಾಟದ ಪಾತ್ರ ಇರುವುದು ಪರೋಕ್ಷವಾಗಿ. ಸಮಭಾಜಕದ ಬಳಿ ಕಾದು ಮೇಲೇರಿ ಧ್ರುವದ ಕಡೆಗೆ ಹೊರಟ ಗಾಳಿ, ಕೆಳಗಿನ ನೆಲಕ್ಕಿಂತ ಹೆಚ್ಚಿನ ಪೂರ್ವಮುಖ ವೇಗವನ್ನು ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಜೆಟ್ ಪ್ರವಾಹವಾಗಿ ಕಾಣಿಸಿಕೊಳ್ಳುವುದು ಅದೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ, ಸರಾಸರಿಯಲ್ಲಿ ಗಾಳಿ ಸೊನ್ನೆಯಾಗುತ್ತದೆ, ಹಾಗಿರುವಾಗ ಮಹಾವೃತ್ತದ ಅಂಕಿಯನ್ನೇ ನಂಬಿದರೆ ನಷ್ಟವೇನು? ನ್ಯಾಯವಾಗಿಯೇ ಕೇಳುವ ಈ ವಾದ ಲೆಕ್ಕದಲ್ಲಿ ಸೋಲುತ್ತದೆ. ಮೇಲಿನ ಉದಾಹರಣೆಯಲ್ಲೇ ನೋಡಿ: ಗಾಳಿಯಿಲ್ಲದಿದ್ದರೆ ಹೋಗಿಬರಲು 4 ಗಂಟೆ 14 ನಿಮಿಷ, ಗಾಳಿಯಿದ್ದಾಗ ಸುಮಾರು 4 ಗಂಟೆ 18 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಅನುಕೂಲದ ಗಾಳಿ ಬೇಗ ಮುಗಿದುಹೋಗುತ್ತದೆ. ಆದ್ದರಿಂದ ನಷ್ಟದ ತಕ್ಕಡಿ ಯಾವಾಗಲೂ ತುಸು ಕೆಳಗೆ. ದುಬೈ ದಾರಿಯಲ್ಲಿ ಅದು ಬರೀ ನಾಲ್ಕು ನಿಮಿಷ, ಸರಿ. 13,000 ಕಿಲೋಮೀಟರಿನ ದಾರಿಯಲ್ಲಿ ಇಂಥದ್ದೇ ಗಾಳಿ ಉದ್ದಕ್ಕೂ ಬೀಸಿದರೆ ಅದು 26 ನಿಮಿಷವಾಗುತ್ತದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಪಾಲ್ ವಿಲಿಯಮ್ಸ್ 2016ರಲ್ಲಿ ಅಟ್ಲಾಂಟಿಕ್ ದಾರಿಗಳನ್ನು ಹೀಗೆಯೇ ಲೆಕ್ಕ ಹಾಕಿದರು. ಹವೆ ಬಿಸಿಯಾದಂತೆ ಅಲ್ಲಿಯ ಜೆಟ್ ಪ್ರವಾಹ ಬಲಗೊಂಡು, ಪೂರ್ವಕ್ಕೆ ಹಾರುವವರು ಗಳಿಸುವುದಕ್ಕಿಂತ ಪಶ್ಚಿಮಕ್ಕೆ ಹಾರುವವರು ಕಳೆದುಕೊಳ್ಳುವುದೇ ಹೆಚ್ಚಾಗಿ, ಹೋಗಿಬರುವ ಒಟ್ಟು ಹೊತ್ತು ಬೆಳೆಯುತ್ತದೆ ಎಂಬುದು ಅವರ ನಿರ್ಣಯ. ಒಂದು ಪ್ರಯಾಣಕ್ಕೆ ಅದು ಒಂದೆರಡು ನಿಮಿಷ. ದಿನಕ್ಕೆ ನೂರಾರು ವಿಮಾನ ಹಾರುವ ದಾರಿಯಲ್ಲಿ ಅದೇ ವರ್ಷಕ್ಕೆ ಸಾವಿರಾರು ಗಂಟೆ.

ದೂರ ಬೆಳೆದಷ್ಟೂ ಗಾಳಿಯ ಮಾತೇ ಮೇಲಾಗುತ್ತದೆ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಮಹಾವೃತ್ತದ ದೂರ ಸುಮಾರು 12,400 ಕಿಲೋಮೀಟರ್. ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿಲೋಮೀಟರ್ ಹಾರಿ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದು ದಿಕ್ಕನ್ನೇ ತಿರುಗಿಸಿ ಪೆಸಿಫಿಕ್ ಮೇಲೆ ಹಾರಿತು. ದಾರಿ 15,300 ಕಿಲೋಮೀಟರಿಗೆ ಬೆಳೆಯಿತು, ಹೊತ್ತು ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಎಂದರೆ 1,400 ಕಿಲೋಮೀಟರ್ ಹೆಚ್ಚು ಹಾರಿ ಸುಮಾರು ಎರಡು ಗಂಟೆ ಉಳಿಸಿದಂತಾಯಿತು. ಪೆಸಿಫಿಕ್ ಮೇಲಿನ ಪಶ್ಚಿಮದ ಗಾಳಿ ಬೆನ್ನಿಗಿತ್ತು. ಬೆಂಗಳೂರಿನ ಉದಾಹರಣೆ ಇನ್ನೂ ಸೊಗಸು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತು. ಎರಡು ನಗರಗಳ ನಡುವಿನ ಮಹಾವೃತ್ತ 14,000 ಕಿಲೋಮೀಟರಿಗೆ ತುಸು ಕಡಿಮೆ, ಹಾರಿದ ದೂರ ಸುಮಾರು 16,000 ಎಂದು ಆಗಿನ ವರದಿಗಳು ಹೇಳಿದವು. ಲೆಕ್ಕದ ಪ್ರಕಾರ ಅತಿ ಹತ್ತಿರದ ದಾರಿ ಸೈಬೀರಿಯ, ಚೀನಾ, ಟಿಬೆಟ್ ಪ್ರಸ್ಥಭೂಮಿಯ ಮೇಲೆ ಬರುತ್ತದೆ. ಟಿಬೆಟಿನ ಮೇಲೆ ಕ್ಯಾಬಿನ್ ಒತ್ತಡ ತಪ್ಪಿದರೆ ಉಸಿರಾಡಬಲ್ಲ ಎತ್ತರಕ್ಕೆ ಇಳಿಯಲು ಜಾಗವೇ ಇಲ್ಲ, ಕೆಳಗೆಲ್ಲ ಬೆಟ್ಟ. ಹತ್ತಿರದ ದಾರಿ ಇದ್ದೂ ಅದು ದಾರಿಯಲ್ಲ.

ಗಾಳಿಯ ಹಟವನ್ನು ಹವಾಮಾನ ಇಲಾಖೆ ಮುಂಚಿತವಾಗಿ ತಿಳಿಸಬಲ್ಲದು, ಸರ್ಕಾರಗಳ ಹಟವನ್ನು ಯಾರೂ ತಿಳಿಸಲಾರರು. 1944ರ ಶಿಕಾಗೋ ಒಪ್ಪಂದದ ಮೊದಲ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಸಂಪೂರ್ಣ ಒಡೆತನ ಕೊಡುತ್ತದೆ. ಮುಂಬೈ–ದುಬೈ ದಾರಿ ಹೆಚ್ಚಾಗಿ ಸಮುದ್ರದ ಮೇಲಿರುವುದರಿಂದ ಈ ಕಾಟ ಅದಕ್ಕೆ ಕಡಿಮೆ. ಅದರ ಮಗ್ಗುಲಲ್ಲೇ ಇರುವ ಇನ್ನೊಂದು ಜೋಡಿಯನ್ನು ನೋಡಿ. ಮುಂಬೈಯಿಂದ ಕರಾಚಿಗೆ ಮಹಾವೃತ್ತದ ದೂರ ಬರೀ 875 ಕಿಲೋಮೀಟರ್, ದುಬೈಯ ಅರ್ಧಕ್ಕಿಂತ ಕಡಿಮೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಹೊತ್ತು ಕರಾಚಿಯಿಂದ ಬೆಳಿಗ್ಗೆ 6.35ಕ್ಕೆ ಹೊರಟು, ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಮಧ್ಯಾಹ್ನ 1.50ಕ್ಕೆ ಜುಹೂದಲ್ಲಿ ಇಳಿದರು. ಅಲ್ಲಿಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಆಗ ಸಿಂಧ್ ಇನ್ನೂ ಬೊಂಬಾಯಿ ಪ್ರಾಂತದ ಭಾಗ. ಕರಾಚಿ, ಥಾಣೆ, ಧಾರವಾಡ ಮೂರೂ ಒಂದೇ ಆಡಳಿತದಲ್ಲಿದ್ದವು. ಇಂದು ಕರಾಚಿಗೆ ಇಲ್ಲಿಂದ ನೇರ ವಿಮಾನವಿಲ್ಲ. ದುಬೈಯಲ್ಲಿ ಬದಲಿಸಿ ಹೋಗುವುದಾದರೆ 1,930ಕ್ಕೆ ಇನ್ನೊಂದು 1,190 ಕೂಡಿ 3,100 ಕಿಲೋಮೀಟರ್ ದಾಟುತ್ತದೆ. ಮೂರೂಕಾಲು ಗಂಟೆ, ಎರಡು ಗಂಟೆ, ನಡುವೆ ಕಾಯಲು ಕನಿಷ್ಠ ಎರಡು ಗಂಟೆ ಎಂದು ಕೂಡಿಸಿದರೆ ಏಳೂಕಾಲು ಗಂಟೆ. ಟಾಟಾ ಅವರ ಒಂಟಿ ಎಂಜಿನ್ನಿನ ವಿಮಾನ ಇಂಧನಕ್ಕೆ ನಿಂತು ತೆಗೆದುಕೊಂಡ ಹೊತ್ತೂ ಅಷ್ಟೇ. ತೊಂಬತ್ತು ವರ್ಷಗಳ ಎಂಜಿನ್ ವಿಜ್ಞಾನವನ್ನು ಒಂದು ಗಡಿ ನುಂಗಿ ನೀರು ಕುಡಿದಿದೆ.

ಗಡಿಯ ಈ ಶಕ್ತಿ ಮೂರನೆಯವರನ್ನೂ ಬಿಡುವುದಿಲ್ಲ. 2019ರ ಫೆಬ್ರವರಿ 27ರಿಂದ ಜುಲೈ 16ರವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿದ್ದಾಗ, ಜುಲೈ ಆರಂಭದ ಹೊತ್ತಿಗೇ ಏರ್ ಇಂಡಿಯಾಕ್ಕೆ 491 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ಏಪ್ರಿಲ್ 24ರಂದು ಭಾರತೀಯ ವಿಮಾನಗಳಿಗೆ ಆ ಆಕಾಶ ಮತ್ತೆ ಮುಚ್ಚಿತು. ಕೆಲವೇ ದಿನಗಳಲ್ಲಿ ಇಂಡಿಗೋ ತನ್ನ ದೆಹಲಿ–ತಾಷ್ಕೆಂಟ್ ಹಾರಾಟವನ್ನು ನಿಲ್ಲಿಸಬೇಕಾಯಿತು. ದೆಹಲಿಯಿಂದ ತಾಷ್ಕೆಂಟ್ 1,600 ಕಿಲೋಮೀಟರಿಗೂ ಕಡಿಮೆ, ಮುಂಬೈಗೆ ದುಬೈ ಇರುವುದಕ್ಕಿಂತ ಹತ್ತಿರ. ಸುತ್ತುಬಳಸಿನ ದಾರಿ ಆ ಕಂಪನಿಯ ವಿಮಾನಗಳ ಹಾರಾಟದ ಮಿತಿಯನ್ನೇ ಮೀರಿತು. ಭೂಪಟದಲ್ಲಿ ಒಂದು ಮಿಲಿಮೀಟರೂ ಜರುಗದ ನಗರ, ಒಂದು ವಾರದೊಳಗೆ ಕೈಗೆಟುಕದಷ್ಟು ದೂರ ಸರಿಯಿತು.

ಹಾಗಾದರೆ ಮಹಾವೃತ್ತದ ಅಂಕಿ ನಿಷ್ಪ್ರಯೋಜಕವೇ ಎಂದರೆ, ಖಂಡಿತ ಅಲ್ಲ. ಗಾಳಿಯಂತೆ ದಿನಕ್ಕೊಂದು ಬಗೆಯಾಗದ ಅಳತೆ ಕಾನೂನಿಗೂ ಲೆಕ್ಕಪತ್ರಕ್ಕೂ ಬೇಕೇ ಬೇಕು. ತಡವಾದ ವಿಮಾನಕ್ಕೆ ಪರಿಹಾರ ನಿಗದಿಪಡಿಸುವ ಐರೋಪ್ಯ ಒಕ್ಕೂಟದ ನಿಯಮ ಮಹಾವೃತ್ತದ ದೂರವನ್ನೇ ಆಧಾರವಾಗಿ ಹಿಡಿಯುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಂಗಾಲದ ಲೆಕ್ಕ ಹಾಕುವಾಗ ಅದೇ ಅಂಕಿಯಿಂದ ಹೊರಡುತ್ತದೆ, ಆದರೆ 550ರಿಂದ 5,500 ಕಿಲೋಮೀಟರಿನೊಳಗಿನ ದಾರಿಗೆ ನೂರು ಕಿಲೋಮೀಟರ್ ಕೂಡಿಸಿಯೇ ಮುಂದುವರಿಯುತ್ತದೆ. ವಿಮಾನ ನೇರವಾಗಿ ಹಾರುವುದಿಲ್ಲ ಎಂಬ ತಪ್ಪೊಪ್ಪಿಗೆಯನ್ನು ಸೂತ್ರದೊಳಗೇ ಬರೆದಿಟ್ಟಂತೆ. ನನ್ನ ತಕರಾರು ಅಂಕಿಯ ಮೇಲಲ್ಲ, ಅದರ ಪಕ್ಕದಲ್ಲೇ ಒಂದೇ ಒಂದು ಹೊತ್ತನ್ನು ಬರೆದು, ಎರಡೂ ಒಂದೇ ಜಾತಿಯ ಸತ್ಯಗಳು ಎಂಬಂತೆ ತೋರಿಸುವುದರ ಮೇಲೆ. ದೂರದ ಎದುರು ಒಂದು ಅಂಕಿ ಸಾಕು. ಹೊತ್ತಿನ ಎದುರು ದಿಕ್ಕೂ ತಿಂಗಳೂ ಇರಬೇಕು.

ಈ ಭಾಗದವರಿಗೆ ಈಗ ಒಂದು ಹೊಸ ಲೆಕ್ಕವೂ ಸೇರಿದೆ. ನವಿ ಮುಂಬೈ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡು ಡಿಸೆಂಬರ್ 25ರಿಂದ ಪ್ರಯಾಣಿಕರಿಗೆ ತೆರೆಯಿತು. ಕಳವಾದಿಂದ ಗೆರೆ ಎಳೆದರೆ ಹಳೆಯ ನಿಲ್ದಾಣ 18 ಕಿಲೋಮೀಟರ್, ಹೊಸದು 24. ದುಬೈಯ ದಿಕ್ಕಿನಿಂದ ನೋಡಿದರೂ ಹೊಸದು ಹಳೆಯದಕ್ಕಿಂತ ಸುಮಾರು 24 ಕಿಲೋಮೀಟರ್ ಹಿಂದಿದೆ. ಆಕಾಶದಲ್ಲಿ ಅದು ಎರಡು ನಿಮಿಷಕ್ಕೂ ಕಡಿಮೆ, ಡಿಸೆಂಬರಿನ ಎದುರುಗಾಳಿಯಲ್ಲಿ ಎರಡು ನಿಮಿಷ ಎನ್ನೋಣ. ಹೊಸ ನಿಲ್ದಾಣದ ಯೋಜನೆಯಲ್ಲಿರುವ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯದೆ ಸಮಾನಾಂತರವಾಗಿವೆ. ಎರಡೂ ಕೆಲಸಕ್ಕೆ ಬಂದ ದಿನ ಆಕಾಶದಲ್ಲಿ ಸುತ್ತುವ ಹೊತ್ತಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಉಳಿದೀತು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ಬನ್ನಿ ಎನ್ನುವ ರೂಢಿಯನ್ನು ಪಾಲಿಸುವವನಿಗೆ ಕಾಯುವ ಹೊತ್ತೂ ಹಾರುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎರಡು ನಿಲ್ದಾಣಗಳ ನಡುವೆ ಆರಿಸುವವನು ನೋಡಬೇಕಾದದ್ದು ಆ 24 ಕಿಲೋಮೀಟರನ್ನಲ್ಲ, ತಾನು ಹೊರಡುವ ಹೊತ್ತಿಗೆ ಥಾಣೆ–ಬೇಲಾಪುರ ರಸ್ತೆಯಲ್ಲೂ ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲೂ ವಾಹನಗಳು ಎಷ್ಟು ಎಂಬುದನ್ನು.